ಅತ್ತಿಗೆಯ ಫಿಲ್ಟರ್‌ಗೆ ನಾನು ಕೊಟ್ಟ ತೀರ್ಪು

ಕಳೆದ ಭಾನುವಾರ ಮಧ್ಯಾಹ್ನ ಆದೋನಿಯ ನಮ್ಮ ಮನೆಯಲ್ಲಿ ಅತ್ತಿಗೆ ತಮ್ಮ ಟೆಲಿಸ್ಕೋಪನ್ನು ಹಳೆಯ ದುಪ್ಪಟಿಯಲ್ಲಿ ಸುತ್ತುತ್ತಿದ್ದರು. ಮಾರಿಬಿಡುತ್ತಾರಂತೆ.

"ನನ್ನ ಕೈಯಾಗ ಆಗೂದಿಲ್ಲ ಬಿಡಪಾ. ಫೋಟೊ ತೆಗಿಯಾಕೂ ಹಣಿಬರ ಬೇಕು."

ತಪ್ಪು ಅವರ ಕೈಯದಲ್ಲ, ನನ್ನ ಬಾಯಿಯದು. ಅದು ನನಗೆ ಹದಿನೈದು ದಿನದಿಂದ ಗೊತ್ತಿತ್ತು.

ಅತ್ತಿಗೆ ಎಮ್ಮಿಗನೂರಿನ ನೇಕಾರರ ಮಗಳು, ವಿಜ್ಞಾನದ ಟೀಚರ್; ಮಾತಿನ ನಡುವೆ ತೆಲುಗಿನ 'ಕದಾ', ಅಂದರೆ 'ಅಲ್ವಾ', ನುಸುಳುತ್ತದೆ. ನೆಬ್ಯುಲಾಗಳ, ಅಂದರೆ ನಕ್ಷತ್ರಗಳ ನಡುವಿನ ಅನಿಲದ ಮೋಡಗಳ ಫೋಟೊ ತೆಗೆಯುವ ಹುಚ್ಚು. ನಮ್ಮ ಮಾಳಿಗೆಯ ಸುತ್ತ ಹತ್ತಿ ಮಿಲ್ಲಿನ ದೀಪಗಳು. ಆ ಬೆಳಕನ್ನೆಲ್ಲ ತಡೆದು, ಹೈಡ್ರೋಜನ್ ಸೂಸುವ ಕೆಂಪನ್ನಷ್ಟೇ ಒಳಗೆ ಬಿಡುವ ಗಾಜಿನ ಬಿಲ್ಲೆ ಬೇಕು. ಅದೇ ನ್ಯಾರೋಬ್ಯಾಂಡ್ ಫಿಲ್ಟರ್. ಯಾವುದು ತರಿಸುವುದು? ಚರ್ಚೆ ಶುರುವಾಯಿತು. (ಕಾಲೇಜಿನ ಡಿಬೇಟ್ ಕಪ್ಪುಗಳನ್ನು ಇನ್ನೂ ಒರೆಸಿಡುವ ನನ್ನಂಥವನ ಮನೆಯಲ್ಲಿ ಚರ್ಚೆ ಹೇಗಿರುತ್ತದೆಂದು ಬೇರೆ ಹೇಳಬೇಕೆ?)

ನನ್ನ ವಾದ ಸರಳ. ಫಿಲ್ಟರ್ ಒಳಗೆ ಬಿಡುವ ಬಣ್ಣಗಳ ಕಿಂಡಿ ಕಿರಿದಾದಷ್ಟೂ ಬೇಡದ ಬೆಳಕು ಕಡಿಮೆ. ಆದ್ದರಿಂದ ಎಲ್ಲಕ್ಕಿಂತ ಕಿರಿದಾದ ಮೂರು ನ್ಯಾನೊಮೀಟರಿನದೇ ಬೆಸ್ಟ್.

ಅತ್ತಿಗೆ ಎರಡು ಬಣ್ಣದ ನೂಲಿನಲ್ಲಿ ನೇಯ್ದ ತಮ್ಮ ಸೀರೆಯ ಸೆರಗು ಎತ್ತಿ ಹಿಡಿದರು. "ನೆಟ್ಟಗ ನೋಡು, ಕೆಂಪು. ಓರೆ ಹಿಡಿದ್ರ ನೀಲಿ ಹೊಡೀತೈತಿ. ನಂದು ಫಾಸ್ಟ್ ಟೆಲಿಸ್ಕೋಪು ಕದಾ? ಅಗಲ ಬಾಯಿ, ಗಿಡ್ಡ ಕೊಳವಿ. ಅಂಚಿನ ಬೆಳಕು ಭಾಳ ಓರೆ ಬೀಳ್ತೈತಿ. ಫಿಲ್ಟರೂ ಹಿಂಗ ಬಣ್ಣ ಬದಲಿಸಿದ್ರ?"

"ಹೋಲಿಕೆ ಪುರಾವೆ ಅಲ್ಲ ಅತ್ತಿಗಿ. ಪ್ರೂಫ್ ತೋರಸ್ರಿ."

"ಅಬ್ಬಾ, ಲಾಯರ್ ಸಾಬ್ರು! ಸರೇ, ನೀ ಹೇಳಿದ್ದ ತರಸೋಣು."

ಅಣ್ಣ ನಕ್ಕ. ನಾನು ಗೆದ್ದೆ.

ಫಿಲ್ಟರ್ ಬಂತು, ಚಿತ್ರ ಬರಲಿಲ್ಲ. ಕೆಂಪು ಮೋಡ ಇರಬೇಕಾದಲ್ಲಿ ಒರೆಸಿದ ಕರಿಹಲಗೆಯಂಥ ಬೂದು. ಫೋಕಸ್ ತಪ್ಪಿತು, ಸ್ಟ್ಯಾಂಡ್ ಅಲುಗಿತು, ಕಣ್ಣೇ ಮಂದವಾಯಿತು ಎಂದು ಅತ್ತಿಗೆ ದಿನಕ್ಕೊಂದು ಆರೋಪವನ್ನು ತಮ್ಮ ಮೇಲೇ ಹೊರಿಸಿಕೊಂಡರು.

ಕುತೂಹಲಕ್ಕೆ ಫಿಲ್ಟರುಗಳ ಬಗ್ಗೆ ಓದಿದೆ. ಅತ್ತಿಗೆ ಹೇಳಿದ್ದು ಸರಿ! ಬೆಳಕು ಓರೆಯಾದಂತೆ ಫಿಲ್ಟರಿನ ಕಿಂಡಿ ನೀಲಿಯ ಕಡೆಗೆ ಸರಿಯುತ್ತದೆ. ಫಾಸ್ಟ್ ಟೆಲಿಸ್ಕೋಪಿನಲ್ಲಿ ಎಷ್ಟು ಸರಿಯುತ್ತದೆಂದರೆ, ಕಿಂಡಿ ತೀರಾ ಕಿರಿದಿದ್ದರೆ ಬೇಕಾದ ಕೆಂಪೇ ಹೊರಗುಳಿಯುತ್ತದೆ. ಕಿಂಡಿ ತುಸು ಅಗಲವಿರಬೇಕು. ಇಲ್ಲವೇ ಎಷ್ಟು ಸರಿಯುತ್ತದೆಂದು ಮೊದಲೇ ಅಂದಾಜಿಸಿ ಫಾಸ್ಟ್ ಟೆಲಿಸ್ಕೋಪಿಗೆಂದೇ ಮಾಡಿದ್ದಿರಬೇಕು. ನಂಬದೆ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದೆ. ಕೆಂಪು ಹೋಗಿ ಕಿತ್ತಳೆಯಾಯಿತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ? ಎದುರಾಳಿಯ ಪಾಯಿಂಟನ್ನು ಒಪ್ಪಿಕೊಳ್ಳುವುದನ್ನು ಯಾವ ಡಿಬೇಟ್ ಮೇಷ್ಟರೂ ನಮಗೆ ಕಲಿಸಿರಲಿಲ್ಲ. (ನೆಪ, ಗೊತ್ತು.)

ಭಾನುವಾರ, ಆ ದುಪ್ಪಟಿಗೆ ಗಂಟು ಬೀಳುವ ಹೊತ್ತಿಗೆ, ಎಲ್ಲ ಹೇಳಿದೆ.

ಅತ್ತಿಗೆ ಗಂಟು ಬಿಚ್ಚಲಿಲ್ಲ. "ಯಾವಾಗಿಂದ ಗೊತ್ತು?"

"ಹದಿನೈದು ದಿನ..."

"ತಪ್ಪು ತರಿಸಿದ್ದು ಹೋಗ್ಲಿ. ನಾ ದಿನಾ ನನ್ನ ಕೈಗೆ ಬೈಕೊಂಡು ಕುಂತಿದ್ದೆ. ನೀ ಬಾಜೂಕ ಕುಂತು ಚಾ ಕುಡಿದಿ ಕದಾ?"

ಆಮೇಲೆ ಅವರೇ ಗಂಟು ಬಿಚ್ಚಿ, ಫೋನ್ ತೆಗೆದುಕೊಂಡು ಬೇರೆ ಫಿಲ್ಟರ್ ಹುಡುಕತೊಡಗಿದರು. ಈ ಸಲ ನನ್ನನ್ನು ಕೇಳಲಿಲ್ಲ.

ನಾವು ವಾದ ಗೆದ್ದು ಎದ್ದು ಬಂದ ಮೇಲೆ ಅಲ್ಲಿ ಯಾರು ತಮ್ಮನ್ನೇ ಬೈದುಕೊಂಡು ಕೂತಿದ್ದಾರೆ ಎಂದು ತಿರುಗಿ ನೋಡಿದವರು ನಮ್ಮಲ್ಲಿ ಎಷ್ಟು ಜನ?