ಈರಮ್ಮತ್ತೆಯ ಖಾನಾವಳಿಯಲ್ಲಿ ಅನ್ನ ಬೆಂದ ದಿನ

ಬಿಸಿ ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಒಂದು ವಾಸನೆ ಏಳುತ್ತದೆ. ಹಸಿ ಹಿಟ್ಟು ಬೇಯಲು ಹೊರಡುವ ಆ ಎರಡು ಉಸಿರಿನ ಹೊತ್ತು ಮಾತ್ರ ಅದರ ಆಯುಷ್ಯ. ಆಮೇಲೆ ಅದು ಬರೀ ರೊಟ್ಟಿಯ ವಾಸನೆ. ಮೊನ್ನೆ ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮಾತ್ರೆಯ ಚೀಟಿ ಹಿಡಿದುಕೊಂಡು ಹೋಗುತ್ತಿದ್ದಾಗ, ಯಾವುದೋ ಕಿಟಕಿಯಿಂದ ಅದು ಬಂದು ಮೂಗಿಗೆ ತಾಗಿತು. ನಿಂತುಬಿಟ್ಟೆ. ಹಿಂದಿನಿಂದ ಬರುತ್ತಿದ್ದ ಸೈಕಲ್ಲಿನವನು, “ಏ ಯಮ್ಮಾ, ನಟ್ಟ ನಡು ದಾರ್ಯಾಗ ನಿಂತೀಯಲ್ಲ, ಸರಿ ಅತ್ಲಾಗ” ಎಂದು ಬೈದು ಹೋದ. ಎಪ್ಪತ್ತು ದಾಟಿದ ಹೆಂಗಸು ರಸ್ತೆಯ ನಡುವೆ ಕಣ್ಣು ಮುಚ್ಚಿ, ಮೂಗು ಅರಳಿಸಿ ನಿಂತರೆ ಯಾರಾದರೂ ಬೈಯುವವರೇ. ನಾನು ಮಸ್ಕಿಯಲ್ಲಿದ್ದೆ, ನನಗೆ ಒಂಬತ್ತು ವರ್ಷವಾಗಿತ್ತು, ಹಸಿವಾಗಿತ್ತು ಎಂದು ಅವನಿಗೆ ಹೇಗೆ ಹೇಳಲಿ?

ಮಸ್ಕಿ ಗುಡ್ಡದ ಬುಡದಲ್ಲಿ ಕೂತ ಊರು. ದೊಡ್ಡ ಬೆಟ್ಟಗಳನ್ನು ಕಂಡವರು ಅದನ್ನು ಗುಡ್ಡ ಎನ್ನಲೂ ಹಿಂದೆಮುಂದೆ ನೋಡಿಯಾರು. ಆದರೆ ಸುತ್ತಲೂ ಕಣ್ಣು ಸೋಲುವ ತನಕ ಕರಿ ಎರೆಮಣ್ಣಿನ ಬಯಲನ್ನೇ ನೋಡಿ ಬೆಳೆದ ನಮಗೆ ಮಲ್ಲಯ್ಯನ ಗುಡ್ಡವೇ ಹಿಮಾಲಯ. ಬಂಡೆಗಳ ನಡುವಿನ ಮೆಟ್ಟಿಲು ಹತ್ತಿ ದೇವರಿಗೆ ಕೈ ಮುಗಿದವರು, ಬಂಡೆಯ ಮೇಲಿನ ಹಳೆಯ ಬರಹ ನೋಡಲು ಬಂದ ಟೋಪಿಯ ಸಾಹೇಬರು, ಎಲ್ಲರೂ ಕೆಳಗಿಳಿಯುವಾಗ ಹಸಿದೇ ಇಳಿಯುತ್ತಿದ್ದರು. ಆ ಹಸಿವನ್ನೇ ನಂಬಿ ಒಂದು ಓಣಿಯ ತುಂಬ ಅಂಗಡಿಗಳಿದ್ದವು. ಮೊದಲಿಗೆ ಖಾಜಾಸಾಬನ ಒಗ್ಗರಣೆ ಅಂಗಡಿ. ಮಂಡಾಳನ್ನು, ಅಂದರೆ ಮಂಡಕ್ಕಿಯನ್ನು, ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಎನ್ನುವ ಹುರಿಗಡಲೆಯ ಪುಡಿ ಉದುರಿಸಿ ಮಗುಚುತ್ತಿದ್ದ. ಪಕ್ಕದಲ್ಲಿ ಎರಡು ಮಿರ್ಚಿ ಭಜಿ. ಆ ಮಿರ್ಚಿಯನ್ನು ಹೆಬ್ಬೆರಳ ಉಗುರಿನಿಂದ ಸೀಳಿ, ಉಪ್ಪು, ನಿಂಬೆಹುಳಿ ತುಂಬಿ ಕೊಡುವುದು ಅವನ ರೀತಿ. ಕೈ ಉರಿಯುವುದಿಲ್ಲವೇ ಎಂದು ಕೇಳಿದರೆ, “ಖಾರಕ್ಕ ನನ್ನ ಗುರ್ತು ಅದವ್ವಾ, ನನಗೇನ್ ಮಾಡಂಗಿಲ್ಲ” ಅನ್ನುತ್ತಿದ್ದ. ಅವನ ಆಚೆ ಎಣ್ಣೆಯ ಗಾಣ. ಕುಸುಬೆ ಅರೆಯುವ ದಿನ ಇಡೀ ಓಣಿಗೆ ಎಣ್ಣೆ ಹಚ್ಚಿದಂತಿರುತ್ತಿತ್ತು. ಗಾಣದ ಎದುರು ಶೇಂಗಾ ಹಿಂಡಿ, ಅಗಸೆ ಹಿಂಡಿ, ಗುರೆಳ್ಳು ಹಿಂಡಿ ಎಂದು ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ ಮಾರುವ ಗುರಪ್ಪನ ಅಂಗಡಿ. ನಾನು ಶಾಲೆಯಿಂದ ಬರುವಾಗ ಅಂಗೈ ಚಾಚಿದರೆ ಸಾಕು, ಯಾವುದಾದರೂ ಒಂದು ಹಿಂಡಿಯ ಚಿಟಿಕೆ ಬೀಳುತ್ತಿತ್ತು. ಹೊಟ್ಟೆಬಾಕಿ ಎಂದು ಓಣಿಗೆಲ್ಲ ಹೆಸರಾಗಿದ್ದೆ, ನನಗೆ ಅದರಿಂದ ಯಾವ ಬೇಜಾರೂ ಇರಲಿಲ್ಲ.

ಓಣಿಯ ಕೊನೆಗೆ ಈರಮ್ಮತ್ತೆಯ ಖಾನಾವಳಿ. ಅವಳು ನನ್ನ ಅಪ್ಪನ ಅಕ್ಕ. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡ ತೀರಿಕೊಂಡಾಗ, ಗಂಡನ ಮನೆಯವರು ಅವಳಿಗೆಂದು ಬಿಟ್ಟಿದ್ದು ಆ ಎರಡಂಕಣದ ಮನೆ ಒಂದೇ. ತಮ್ಮನ ಮನೆಗೆ ಬಂದು ಒಲೆಯ ಮೂಲೆ ಸೇರಲು ಒಪ್ಪದೆ, ಪಡಸಾಲೆಯಲ್ಲಿ ಚಾಪೆ ಹಾಸಿ ಖಾನಾವಳಿ ಮಾಡಿದ್ದಳು. ಅಪ್ಪ ಕಾಲುವೆ ಕೆಲಸದ ಗೌಂಡಿ. ಕಾಲುವೆ ಎತ್ತ ಹೋದರೆ ಅತ್ತ ಕಲ್ಲು ಕಟ್ಟುತ್ತ ಹೋಗುವವನು, ಅವ್ವನೂ ಅವನ ಜೊತೆ. ಅಲ್ಲೆಲ್ಲ ಶಾಲೆ ಇಲ್ಲವೆಂದು ನನ್ನನ್ನು ಅತ್ತೆಯ ಬಳಿ ಬಿಟ್ಟಿದ್ದರು. ಅವಳ ಖಾನಾವಳಿಗೆ ಒಂದು ಪದ್ಧತಿ ಇತ್ತು. ಉಣ್ಣುವವರೆಲ್ಲ ಸಾಲಾಗಿ ಕೂತ ಮೇಲೆ ರೊಟ್ಟಿಯ ಬುಟ್ಟಿ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುತ್ತಿತ್ತು. ಬೇಕಾದಷ್ಟು ತಾವೇ ತೆಗೆದುಕೊಳ್ಳಬೇಕು. ಅತ್ತೆ ಒಲೆಗೆ ಮುಖ ಮಾಡಿ, ಸಾಲಿಗೆ ಬೆನ್ನು ಹಾಕಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಯಾರು ಎಷ್ಟು ಉಂಡರೆಂದು ನೋಡಬಾರದು, ನೋಡಿದರೆ ಉಂಡವರ ಮೈಗೆ ಹತ್ತುವುದಿಲ್ಲ ಎನ್ನುವುದು ಅವಳ ನಂಬಿಕೆ. ಸಾಲಿನ ತುದಿಯಲ್ಲಿ ನಾನು. ಬುಟ್ಟಿ ನನ್ನ ತನಕ ಬರುವಷ್ಟರಲ್ಲಿ ತಳದ ರೊಟ್ಟಿ ಉಗಿಗೆ ಮೆತ್ತಗಾಗಿರುತ್ತಿತ್ತು, ಅದಕ್ಕೆ ಬದನೆಕಾಯಿ ಎಣ್ಣೆಗಾಯಿ ಹಚ್ಚಿ ಮಡಿಸಿದರೆ ಬಾಯಲ್ಲಿ ಮಾತೇ ಬರುತ್ತಿರಲಿಲ್ಲ. ಅಂಥ ಸುಖ ಆಮೇಲೆ ನನಗೆ ಬಹಳ ಸಲ ಸಿಕ್ಕಿಲ್ಲ.

ಆಗ ಕಾಲುವೆಗೆ ನೀರು ಬಂತು. ನೀರಿನ ಹಿಂದೆ ಭತ್ತ ಬಂತು, ಭತ್ತ ಬೆಳೆಯಬಲ್ಲ ಆಂಧ್ರದ ರೈತರು ಬಂದು ಹೊಲದ ನಡುವೆ ಕ್ಯಾಂಪು ಕಟ್ಟಿಕೊಂಡರು. ತುರ್ವಿಹಾಳದ ಕಡೆಯಿಂದ ಬರುವ ಬಸ್ಸುಗಳಲ್ಲಿ ತೆಲುಗು ಕೇಳಿಸತೊಡಗಿತು. ಬಸ್ಸು ನಿಲ್ಲುವ ಕಡೆ ಸೀತಮ್ಮ ಎನ್ನುವಾಕೆ ತಗಡಿನ ಮಾಡು ಹಾಕಿ ಊಟದ ಹೋಟೆಲು ತೆರೆದಳು. ಅಪ್ಪ ಒಮ್ಮೆ ನನ್ನನ್ನು ನೋಡಲು ಬಂದವನು, “ನಿಮ್ಮತ್ತಿಗೆ ಹೇಳಬ್ಯಾಡ” ಎಂದು ಪಿಸುಗುಟ್ಟಿ ಅಲ್ಲಿಗೆ ಕರೆದೊಯ್ದ. ಅದುವರೆಗೆ ನಾನು ಅನ್ನ ಕಂಡಿದ್ದೆಲ್ಲ ಹಬ್ಬದ ದಿನ, ಮಠದ ಅಯ್ಯನವರು ಮನೆಗೆ ಬಂದಾಗ, ಹೋಳಿಗೆಯ ಮಗ್ಗುಲಿಗೆ ಒಂದು ಹಿಡಿ. ಇಲ್ಲಿ ಬಾಳೆ ಎಲೆಯ ಮೇಲೆ ಗುಡ್ಡದಷ್ಟು ಅನ್ನ, ಒಂದಕ್ಕೊಂದು ಅಂಟದ ಅಗಳು, ಮೇಲೆ ಬಿಸಿ ಬೇಳೆಯ ಪಪ್ಪು, ಗೋಂಗುರ ಚಟ್ನಿ, ತುಪ್ಪ. ಬೆರಳ ಸಂದಿನಲ್ಲಿ ಜಾರಿ ಹೋಗುತ್ತಿದ್ದ ಅದನ್ನು ಹಿಡಿಯಲು ಬಾರದೆ ನಾನು ನಕ್ಕೆ. ಅಪ್ಪನೂ ನಕ್ಕ. ಸತ್ಯ ಹೇಳಬೇಕೆಂದರೆ, ಅತ್ತೆಯ ಊಟಕ್ಕಿಂತ ಅದು ರುಚಿಯಾಗಿತ್ತು. ಮನೆಗೆ ಬಂದಾಗ ಅತ್ತೆ ನನ್ನ ಬಲಗೈ ಹಿಡಿದು ಮೂಸಿ ನೋಡಿದಳು. ಕೈ ಬಿಟ್ಟು ಒಲೆಯ ಕಡೆ ತಿರುಗಿದಳು. ಆ ಕೈಯನ್ನು ನಾನು ಬೂದಿ ಹಚ್ಚಿ ಎರಡು ಸಲ ತೊಳೆದೆ.

ಆಮೇಲಿನದು ನಿಧಾನವಾಗಿ ಆಯಿತು. ಚಾಪೆಯ ಸಾಲು ಗಿಡ್ಡವಾಗುತ್ತ ಬಂತು. ಕ್ಯಾಂಪಿನವರು ಮೊದಲೇ ಬರುತ್ತಿರಲಿಲ್ಲ, ನಮ್ಮವರೂ ವಾರದಲ್ಲಿ ಎರಡು ದಿನ ಸೀತಮ್ಮನ ಕಡೆ ಹೋಗತೊಡಗಿದರು. ಹೀಗಿರುವಾಗ ಒಂದು ಮಧ್ಯಾಹ್ನ ಸೀತಮ್ಮ ತಾನೇ ನಮ್ಮ ಹೊಸ್ತಿಲಿಗೆ ಬಂದಳು. ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಊರಿನವರು ಅನ್ನ ಉಂಡರೂ ಕೊನೆಗೆ ಒಂದು ರೊಟ್ಟಿ ಕೇಳುತ್ತಿದ್ದರಂತೆ. “ಅಕ್ಕಾ, ಅನ್ನಂ ನಾನು ಮಾಡ್ತಾ, ರೊಟ್ಟಿ ನೀವು ಮಾಡಂಡಿ. ಒಂದೇ ಹೋಟಲು, ಇಬ್ಬರದೂ” ಎಂದಳು. ಈಗ ಯೋಚಿಸಿದರೆ ಅದು ಎಷ್ಟು ಒಳ್ಳೆಯ ಮಾತು! ಆದರೆ ಅತ್ತೆಗೆ ಅದರಲ್ಲಿ ತನ್ನ ಮನೆ ಹೋಗಿ ಇನ್ನೊಬ್ಬರ ಒಲೆಯ ಮುಂದೆ ಕೂರುವುದು ಕಾಣಿಸಿತು. ಅದನ್ನು ತಪ್ಪಿಸಿಕೊಳ್ಳಲೆಂದೇ ಅಲ್ಲವೇ ಅವಳು ಖಾನಾವಳಿ ಹಾಕಿದ್ದು? “ನಾಡಿದ್ದು ಹೇಳ್ತೀನಿ” ಎಂದು ಕಳಿಸಿದಳು.

ಮರುದಿನ ಅತ್ತೆ ಸಂತೆಯಿಂದ ಅಕ್ಕಿ ತಂದಳು. ನನ್ನನ್ನು ಶಾಲೆಗೆ ಕಳಿಸಲಿಲ್ಲ. ಅವಳಿಗೆ ಜೋಳದ ನುಚ್ಚು ಮಾಡಿ ಗೊತ್ತಿತ್ತು. ನುಚ್ಚೆಂದರೆ ಒಡೆದ ಜೋಳ. ಕುದಿಯುವ ನೀರಿಗೆ ಹಾಕಿದ ಮೇಲೆ ಸೌಟು ಕೈಬಿಡುವಂತಿಲ್ಲ, ತಿರುವುತ್ತಲೇ ಇರಬೇಕು, ಇಲ್ಲವಾದರೆ ಗಂಟಾಗುತ್ತದೆ, ತಳ ಹಿಡಿಯುತ್ತದೆ. ಹಬ್ಬದ ಹಿಡಿ ಅನ್ನವನ್ನೂ ನಮ್ಮ ಕಡೆ ಹಾಗೆಯೇ ತಿರುವಿ ಮೆತ್ತಗೆ ಮಾಡುತ್ತಿದ್ದರು, ಕೊನೆಗೆ ಮಜ್ಜಿಗೆ ಹಾಕಿದರೆ ಆಯಿತು, ಅದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಅತ್ತೆ ದೊಡ್ಡ ಗಡಿಗೆಯ ಮುಂದೆ ಕೂತು ಬೆವರು ಸುರಿಸುತ್ತ ತಿರುವಿದಳು. ತಾಟಿಗೆ ಹಾಕಿದಾಗ ಅದು ಸೌಟಿನ ಆಕಾರದಲ್ಲೇ ನಿಂತಿತು. ನನ್ನ ಮುಂದೆ ಇಟ್ಟು, ಎದುರಿಗೆ ಕೂತಳು. ಉಣ್ಣುವವರ ಮುಖ ನೋಡದವಳು ಅವತ್ತು ನನ್ನ ಮುಖವನ್ನೇ ನೋಡುತ್ತಿದ್ದಳು.

“ನೀ ಅಲ್ಲಿ ಉಂಡು ಬಂದಾಕಿ. ಈ ಮನ್ಯಾಗ ನಿನಗೊಬ್ಬಾಕಿಗೇ ಗೊತ್ತು. ಖರೇ ಹೇಳು, ಆಕಿದರಂಗ ಆಗೇತೇನು?”

ಬಾಯಲ್ಲಿದ್ದದ್ದನ್ನು ನುಂಗಿದೆ. ಕದ್ದು ಉಂಡು ಬಂದ ಕೈ ಅದು. ಅದೇ ಕೈಯಲ್ಲಿ ಅತ್ತೆಯ ಅನ್ನ ಕಲಸುತ್ತ ಕೂತಿದ್ದೆ. ಇನ್ನೊಂದು ಸಲ ಅವಳಿಗೆ ದ್ರೋಹ ಮಾಡಲು ನನ್ನಿಂದಾಗಲಿಲ್ಲ. “ಆಕಿದಕ್ಕಿಂತ ಚಲೋ ಆಗೇತಿ ಅತ್ತಿ” ಎಂದೆ. ಅಷ್ಟಕ್ಕೇ ಸುಮ್ಮನಾಗದೆ ಇನ್ನಷ್ಟು ಹಾಕಿಸಿಕೊಂಡು ಉಂಡೆ. ಅತ್ತೆಯ ಮುಖ ಅರಳಿದ್ದನ್ನು ಹೇಗೆ ಹೇಳಲಿ? ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಒಳಗೂ ಹೊರಗೂ ಓಡಾಡುತ್ತ, ಅವಳು ಆ ದಿನವೆಲ್ಲ ವಚನ ಗುನುಗುತ್ತಿದ್ದಳು. ನಾನು ಹಿತ್ತಲಿಗೆ ಹೋಗಿ ಕೂತಿದ್ದೆ.

ಸೀತಮ್ಮ ಬಂದಾಗ ಅತ್ತೆ, “ನಮ್ಮನ್ಯಾಗ ಅನ್ನಾನೂ ನಾನ ಮಾಡಾಕತ್ತೀನಿ, ನಿಮಗ್ಯಾಕ ತ್ರಾಸರೀ” ಎಂದಳು. ದನಿಯಲ್ಲಿ ಗರ್ವವಿತ್ತು, ಅದು ನಾನು ಕೊಟ್ಟ ಗರ್ವ. ಸೀತಮ್ಮ “ಸರೆ ಅಕ್ಕಾ” ಎಂದು ಹೋದಳು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಓಡಿ ಹೋಗಿ ಸೀತಮ್ಮನ ಸೆರಗು ಹಿಡಿದು ನಿಲ್ಲಿಸಬೇಕು, ನಾನು ಹೇಳಿದ್ದು ಸುಳ್ಳು ಎನ್ನಬೇಕು ಎಂದು ಕಾಲು ತುಡಿಯಿತು. ಆದರೆ ಯಾರ ಮುಂದೆ ಹೇಳುವುದು? ಒಂಬತ್ತು ವರ್ಷದ ಹುಡುಗಿಗೆ ಸುಳ್ಳು ಹೇಳುವುದು ಎಷ್ಟು ಸುಲಭವೋ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅಷ್ಟು ಕಷ್ಟ. ಆ ವಾರವೇ, ಅತ್ತೆಯೂ ಅನ್ನ ಮಾಡುತ್ತಾಳೆನ್ನುವ ಸುದ್ದಿ ಕೇಳಿ, ಕ್ಯಾಂಪಿನ ಐವರು ರೈತರು ಬಂದು ಚಾಪೆಯ ಮೇಲೆ ಕೂತರು. ತಾಟಿನಲ್ಲಿ ಬಿದ್ದ ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಅವರಲ್ಲಿ ಹಿರಿಯನೊಬ್ಬ ಬಹಳ ಮೆಲ್ಲಗೆ, “ಇದು ಪೊಂಗಲಾ ಅಮ್ಮಾ?” ಎಂದು ಕೇಳಿದ. ಕುಚೋದ್ಯ ಮಾಡಿದ್ದಲ್ಲ, ಖರೆಯೇ ಕೇಳಿದ್ದು. ಐವರೂ ಒಂದಗಳೂ ಬಿಡದೆ ಉಂಡು, ಕೈ ತೊಳೆದು, ಅತ್ತೆಗೆ ನಮಸ್ಕಾರ ಮಾಡಿ ಹೋದರು. ಮತ್ತೆ ಬರಲಿಲ್ಲ. ಬೈದು ಹೋಗಿದ್ದರೆ ಅತ್ತೆಗೆ ತಿಳಿಯುತ್ತಿತ್ತೋ ಏನೋ, ಅವರು ಒಳ್ಳೆಯವರಾಗಿದ್ದರು.

ಸೀತಮ್ಮ ವಳಕಮದಿನ್ನಿಯಿಂದ ರೊಟ್ಟಿ ಬಡಿಯುವ ಹೆಂಗಸನ್ನು ತಂದು ಕೂರಿಸಿದಳು. ಒಂದೇ ಕಡೆ ಎರಡೂ ಸಿಗುವಾಗ ನಮ್ಮ ಓಣಿಯ ಕೊನೆಯ ತನಕ ಯಾರು ನಡೆಯುತ್ತಾರೆ? ಖಾಜಾಸಾಬ ದಿನಕ್ಕೊಮ್ಮೆ ಬಂದು ಎರಡು ರೊಟ್ಟಿ ಉಂಡು ಹೋಗುತ್ತಿದ್ದ, ಹಸಿವಿಲ್ಲದಿದ್ದರೂ. ಒಬ್ಬನೇ ಕೂತವನಿಗೆ ಬುಟ್ಟಿ ದಾಟಿಸಲು ಮಗ್ಗುಲಲ್ಲಿ ಯಾರೂ ಇರುತ್ತಿರಲಿಲ್ಲ. ಅತ್ತೆ ಆಗಲೂ ಬೆನ್ನು ತಿರುಗಿಸಿಯೇ ಕೂರುತ್ತಿದ್ದಳು. ಮುಂದಿನ ಸುಗ್ಗಿಯ ಹೊತ್ತಿಗೆ ಅಪ್ಪ ಲಿಂಗಸುಗೂರಿನಲ್ಲಿ ಮನೆ ಹಿಡಿದು ನಮ್ಮಿಬ್ಬರನ್ನೂ ಕರೆದೊಯ್ದ. ಚಕ್ಕಡಿ ಗಾಡಿಯಲ್ಲಿ ಹಂಚು, ಗಡಿಗೆ, ಸುತ್ತಿದ ಚಾಪೆಗಳ ನಡುವೆ ಅತ್ತೆ ಕೂತಿದ್ದಳು. ಯಾರ ಒಲೆಯ ಮುಂದೆ ಕೂರಬಾರದೆಂದು ಇಷ್ಟು ವರ್ಷ ಹೆಣಗಿದ್ದಳೋ, ಆ ತಮ್ಮನ ಒಲೆಯ ಮುಂದೆಯೇ ಉಳಿದ ಬದುಕೆಲ್ಲ ಕೂತಳು. ಅವ್ವ ಅವಳನ್ನು ಎಂದೂ ಒಂದು ಮಾತು ಅಂದವಳಲ್ಲ. ಆದರೂ ಅತ್ತೆ ಎಲ್ಲರ ಊಟವಾದ ಮೇಲೆಯೇ ಉಣ್ಣುತ್ತಿದ್ದಳು, ಉಪ್ಪು ಬೇಕಾದರೂ ಕೇಳಿ ಹಾಕಿಕೊಳ್ಳುತ್ತಿದ್ದಳು. ಅದನ್ನು ನೋಡುತ್ತ ನಾನು ದೊಡ್ಡವಳಾದೆ.

ನನ್ನನ್ನು ಸಿಂಧನೂರಿಗೆ ಕೊಟ್ಟರು. ಅಷ್ಟರಲ್ಲಿ ಊರ ಸುತ್ತಲಿನ ಎರೆಹೊಲವೆಲ್ಲ ಗದ್ದೆಯಾಗಿ, ಜೋಳವನ್ನು ಹುಡುಕಿಕೊಂಡು ತರುವ ಕಾಲ ಬಂದಿತ್ತು. ನಮ್ಮ ಮನೆಯಲ್ಲಿ ಎರಡು ಹೊತ್ತೂ ಅನ್ನವೇ. ನನ್ನ ಎರಡನೆಯ ಬಾಣಂತನಕ್ಕೆ ಅತ್ತೆ ಬಂದಳು. ಅವಳ ತಲೆ ಪೂರಾ ಬೆಳ್ಳಗಾಗಿತ್ತು. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ನನಗೂ ಒಂದೀಟು ಅನ್ನ ಮಾಡಾದು ಕಲಿಸಬೇ” ಎಂದಳು. ನಾನು ಅಕ್ಕಿ ತೊಳೆದುಕೊಟ್ಟೆ. ನೀರಿನ ಅಳತೆ ತೋರಿಸಿದೆ. “ಇನ್ನ ಮುಚ್ಚಿ ಬಿಡು ಅತ್ತಿ, ಮುಟ್ಟಬ್ಯಾಡ” ಎಂದೆ. ಅವಳು ತಲೆಯಾಡಿಸಿದಳು. ಕೂಸು ಅತ್ತಿತೆಂದು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಸೌಟು ಅವಳ ಕೈಯಲ್ಲಿತ್ತು. ತಿರುವುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಿದಳು, ನಾನು ಅತ್ತ ತಿರುಗುತ್ತಲೇ ಕೈ ತಾನಾಗಿಯೇ ಮತ್ತೆ ಗಡಿಗೆಗೆ ಇಳಿಯಿತು. ನಾನು ತಡೆಯಲಿಲ್ಲ. ಜೀವಮಾನವೆಲ್ಲ ನುಚ್ಚು ತಿರುವಿದ ಕೈ ಅದು.

ತಾಟಿಗೆ ಹಾಕಿ ನನ್ನ ಮುಂದಿಟ್ಟಳು. ಎದುರಿಗೆ ಕೂತಳು. ನಾನೊಂದು ತುತ್ತು ಬಾಯಿಗಿಟ್ಟೆ. “ಹೆಂಗಾಗೇತಿ?” ಎಂದು ಕೇಳಿದಳು. ಈ ಸಲ ಕಳೆದುಕೊಳ್ಳಲು ಅವಳ ಬಳಿ ಏನೂ ಉಳಿದಿರಲಿಲ್ಲ, ಅದಕ್ಕೇ ಇರಬೇಕು ನನಗೆ ಧೈರ್ಯ ಬಂದದ್ದು.

“ಮುದ್ದಿ ಆಗೇತಿ ಅತ್ತಿ” ಎಂದೆ.

ಅತ್ತೆ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಒಂದು ಚೂರು ನಗೆಯೂ ಇತ್ತೇನೋ, ನನಗೆ ಇವತ್ತಿಗೂ ಖಚಿತವಿಲ್ಲ. “ಇಷ್ಟು ಹೇಳಾಕ ಇಷ್ಟು ವರ್ಷ ಬೇಕಾತೇನವ್ವಾ ನಿನಗ?” ಎಂದಳು. ಆಮೇಲೆ ತಾಟನ್ನು ತನ್ನ ಕಡೆ ಎಳೆದುಕೊಂಡು, ಅದೇ ಅನ್ನವನ್ನು, ನಾನು ನೋಡುತ್ತಿದ್ದಂತೆಯೇ, ಒಬ್ಬಳೇ ಉಣ್ಣತೊಡಗಿದಳು.