ಅಂದಪ್ಪ-ನಜೀರನ ಕುಸ್ತಿ

ಹುನಗುಂದದಲ್ಲಿ ಯಾವ ಜಗಳ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಂತರೂ ಜನ ‘ಅಂದಪ್ಪ-ನಜೀರನ ಕುಸ್ತಿ ಆತು ಬಿಡ್ರಿ’ ಅನ್ನುತ್ತಾರೆ. ಸೊಸೈಟಿ ಚುನಾವಣೆಯಲ್ಲಿ ಮತ ಸಮ ಬಿದ್ದರೂ ಅದೇ ಮಾತು, ಬೀಗರ ತಕರಾರಿಗೂ ಅದೇ. ನಗುವವರಿಗೆ ಏನು ಹೋಗುತ್ತದೆ? ಆ ಅಂದಪ್ಪ ನನ್ನ ಅಪ್ಪ.

ಮೂವತ್ತೆಂಟು ವರ್ಷದ ಹಿಂದೆ ಅಪ್ಪನೂ ಇಳಕಲ್ಲಿನ ನಜೀರಸಾಬರೂ ಒಂದೂವರೆ ತಾಸು ಸೆಣಸಿದರು. ಯಾರ ಬೆನ್ನಿಗೂ ಮಣ್ಣು ಹತ್ತಲಿಲ್ಲ. ಹಾಗಾದಾಗ ಪಂಚರು ನಡುವೆ ನಿಂತು, ಇಬ್ಬರ ಕೈಯನ್ನೂ ಮೇಲೆತ್ತಿ ‘ಬರಾಬರಿ’ ಎಂದು ಸಾರಬೇಕು. ಆಗಲೇ ಕುಸ್ತಿ ಮುಗಿದಂತೆ. ಅವತ್ತು ಬಿರುಮಳೆ ಬಂತು, ಕೈ ಎತ್ತದೆ ಪಂಚರೇ ಓಡಿಹೋದರು.

ನಜೀರಸಾಬರು ತೀರಿಕೊಂಡಂದಿನಿಂದ, ಅಂದರೆ ಐದು ತಿಂಗಳಿಂದ, ಅಪ್ಪ ಮಲಗಿರಲಿಲ್ಲ. ಗೋಡೆಗೂ ಒರಗುತ್ತಿರಲಿಲ್ಲ. ಕೂತಲ್ಲೇ ಮೊಣಕಾಲ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ.

“ಮಲಗಿದ್ರ ಎದಿ ಮ್ಯಾಲ ಕೈ ಊರತಾನ, ಮಾದೇವಿ. ನನ್ನ ಬೆನ್ನು ನೆಲಕ್ಕ ಹಚ್ಚಾಕ ನೋಡ್ತಾನ.”

“ಸತ್ತಾವ್ರು ಕುಸ್ತಿ ಹಿಡೀತಾರೇನಪ್ಪಾ? ತಲಿ ನೆಟ್ಟಗೈತೋ ಇಲ್ಲೋ?” ಎಂದು ರೇಗಿದೆ. ಅವನ ಕಾಲು ಬಾತುಕೊಂಡಿದ್ದವು. ಹೀಗೇ ಕೂತರೆ ಮನುಷ್ಯ ಉಳಿಯುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿದ್ದರು. ಹಟಕ್ಕೆ ಬಿದ್ದು ಹೆಗಲು ಹಿಡಿದು ಮಲಗಿಸಿದೆ. ಅವನ ಅಂಗಿ ಎದೆಯ ಮೇಲೆ ತಗ್ಗುಬಿತ್ತು, ಯಾರೋ ಎರಡು ಅಂಗೈ ಊರಿದ ಹಾಗೆ. ಉಸಿರು ಸಿಗದೆ ಅಪ್ಪನ ಕಣ್ಣು ಮೇಲಾದವು. ಅಯ್ಯೋ ಶಿವನೇ ಎಂದು ಎಬ್ಬಿಸಿ ಕೂರಿಸಿದೆ.

ಮರುದಿನ ಮಧ್ಯಾಹ್ನ ಅವನನ್ನು ಇಳಕಲ್ಲಿಗೆ, ನಜೀರಸಾಬರ ಹೆಂಡತಿ ರಂಜಾನಬಿಯ ಮನೆಗೆ ಕರೆದೊಯ್ದೆ. ಎಲ್ಲ ಹೇಳಿದೆ. ಆಕೆ ನಗಲಿಲ್ಲ.

“ಕೈ ಎತ್ತಬೇಕು, ಅಷ್ಟ ಹೌದಲ್ಲೋ?” ಎಂದಳು.

ಪಡಸಾಲೆಯ ನಡುವೆ ನಿಂತು ಎಡಗೈಯಲ್ಲಿ ಅಪ್ಪನ ಮುಂಗೈ ಹಿಡಿದಳು. ಬಲಗೈಯನ್ನು ಬರಿಗಾಳಿಯಲ್ಲಿ ಚಾಚಿದಳು. ಎರಡನ್ನೂ ಎತ್ತಿ, “ಬರಾಬರಿ!” ಎಂದು ಕೂಗಿದಳು.

ಎಡಗೈ ಇಳಿಯಿತು. ಬಲಗೈ ಇಳಿಯಲಿಲ್ಲ. ಆಕೆ ತುದಿಗಾಲ ಮೇಲೆ ನಿಂತಿದ್ದಳು, ತೋಳು ನಡುಗುತ್ತಿತ್ತು.

ಅಪ್ಪ ಆಕೆಯ ಪಕ್ಕದ ಖಾಲಿ ಜಾಗವನ್ನೇ ನೋಡಿದ. “ಬಿಡಲೇ ನಜೀರಾ. ಮುಗೀತು.”

ತೋಳು ಇಳಿಯಿತು. ಅಪ್ಪ ಅಲ್ಲೇ ಬರಿನೆಲದ ಮೇಲೆ ಅಂಗಾತ ಬಿದ್ದುಕೊಂಡ. ಎರಡು ನಿಮಿಷದಲ್ಲಿ ಗೊರಕೆ. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ರಂಜಾನಬಿ ಬಲಗೈ ಮುಂಗೈಯನ್ನು ಸವರಿಕೊಳ್ಳುತ್ತ ನಿಂತೇ ಇದ್ದಳು.

“ನೋವಾತೇನ್ರಿ ಚಾಚಿ?”

“ಇಲ್ಲವ್ವಾ. ಬಿಡು ಅಂತ ಯಾಕಂದ್ರು ನಿಮ್ಮಪ್ಪ? ಐದು ತಿಂಗಳ ಮ್ಯಾಲ ಇವತ್ತ ನಮ್ಮ ಮನಿಯವ್ರು ನನ್ನ ಕೈ ಹಿಡದಿದ್ರು.”