ಬೂಟು ಒರೆಸುವ ಮೋಡ

ಟಿಕೆಟ್ ಹರಿಯುವ ಮೊದಲು ಅವರು ಪ್ರಯಾಣಿಕರ ಮುಖವನ್ನಲ್ಲ, ಪಾದಗಳನ್ನು ನೋಡುತ್ತಿದ್ದರು. ನೋಡಿ, ತೂಕ ಎಷ್ಟೆಂದು ಹೇಳುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ, ಪಾಠ ಹೇಳಲು ನಾನು ದಿನವೂ ಮಧುಗಿರಿಯಿಂದ ಪಾವಗಡಕ್ಕೆ ಹೋಗುತ್ತಿದ್ದ ಬಸ್ಸಿನ ಕಂಡಕ್ಟರ್ ಅವರು. ಅದಕ್ಕೂ ಮೊದಲು ಮಿಲಿಟರಿಯಲ್ಲಿದ್ದರು. ಹಿಮದ ಬೆಟ್ಟಗಳಿಗೆ ಹಾರುವ ಹೆಲಿಕಾಪ್ಟರಿಗೆ ಜನರನ್ನೂ ಸಾಮಾನನ್ನೂ ಹತ್ತಿಸಿ, ಜೊತೆಗೆ ತಾವೂ ಹೋಗುವ ಕೆಲಸ. ಅಲ್ಲಿ ತಕ್ಕಡಿ ಇರಲಿಲ್ಲವಂತೆ. ಅವರ ಕಣ್ಣಂದಾಜನ್ನೇ ಪೈಲಟ್ ನಂಬುತ್ತಿದ್ದನಂತೆ.

"ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತ್ರೆ, ಮೋಡ ಬಂದು ಬೂಟು ಒರೆಸಿ ಹೋಗೋದು ಕಣಮ್ಮ," ಎಂದು ದಿನಕ್ಕೊಮ್ಮೆಯಾದರೂ ಹೇಳುವರು.

ಒಂದು ಸಂಜೆ ವಾಪಸು ಬರುವಾಗ, ನಮ್ಮ ಜೊತೆ ದಿನವೂ ಓಡಾಡುವ ಕುರಿ ವ್ಯಾಪಾರಿ ಕೆಣಕಿದ: "ಎಲ್ಲಾ ಬುರುಡೆ. ಈ ಮೇಡಮ್ಮ ಎಷ್ಟು ತೂಗ್ತಾರೆ ಹೇಳಣ್ಣ, ಮಂಡೀಲಿ ತೂಕ ಹಾಕ್ಸಾಣ. ತಪ್ಪಾದ್ರೆ ಇವತ್ತಿಂದ ಹೆಲಿಕಾಪ್ಟರ್ ಸುದ್ದಿ ಬಂದ್."

ಅವರು ನನ್ನ ಪಾದ ನೋಡಿದರು. "ಐವತ್ತೆರಡು ಕೇಜಿ."

ಮಧುಗಿರಿಯ ಕಡಲೆಕಾಯಿ ಮಂಡಿಯೆದುರು ಬಸ್ಸು ನಿಂತಿತು. ಅಷ್ಟು ಜನರ ಮುಂದೆ ತೂಗಿಸಿಕೊಳ್ಳಲು ನಾನು ಒಪ್ಪಲಿಲ್ಲ.

"ಬುಡ್ಲಾ, ಹೆಣ್ಮಗಳು. ನಾನೇ ಸೋತೆ ಅಂತ ಇಟ್ಕೋ," ಎಂದು ಅವರು ಸೀಟಿ ಊದಿದರು. ಅಲ್ಲಿ ಹತ್ತಿದವರಿಗೆ ಪಾದ ನೋಡದೆಯೇ ಟಿಕೆಟ್ ಹರಿದುಕೊಟ್ಟರು.

ಮರುದಿನ ಬೆಳಿಗ್ಗೆ ನಾನೊಬ್ಬಳೇ ಮಂಡಿಗೆ ಹೋಗಿ, ಚಪ್ಪಲಿ ಬಿಟ್ಟು, ತೂಕದ ಯಂತ್ರದ ಮೇಲೆ ನಿಂತೆ. ಐವತ್ತಾರು. ಮಂಡಿಯ ಖಾಲಿ ತೂಕದ ಚೀಟಿಯೊಂದನ್ನು ಕೇಳಿ ಪಡೆದು, ಅದರ ಮೇಲೆ ಸ್ಪಷ್ಟವಾಗಿ ಐವತ್ತೆರಡು ಎಂದು ಬರೆದು, ಬಸ್ಸಿನಲ್ಲಿ ಕುರಿ ವ್ಯಾಪಾರಿಯ ಕೈಗೆ ಕೊಟ್ಟೆ.